ಡೆಸ್ಕ್‌ಟಾಪ್ ಐಕಾನ್ ಎಲ್ಲ ಮಾಯ, ಅಪ್ಪನ ಫೈಲುಗಳೂ ಹೋದವಾ?

ಮುಂಜಾವು | ಭಾನುವಾರ, ಬೆಳಿಗ್ಗೆ 11:42

ಎಲ್ಲರಿಗೂ ನಮಸ್ಕಾರ. ಅಪ್ಪನ ಕಂಪ್ಯೂಟರಿನಲ್ಲಿ ಡೆಸ್ಕ್‌ಟಾಪ್ ಐಕಾನ್ ಎಲ್ಲ ಮಾಯವಾಗಿವೆ. ವಿಂಡೋಸ್ 10. ನಿನ್ನೆ ಸಂಜೆ ಅಪ್ಪ ಬರೆಯುತ್ತಿದ್ದಾಗ ಕರೆಂಟ್ ಹೋಯಿತು, ಇವತ್ತು ಬೆಳಿಗ್ಗೆ ಆನ್ ಮಾಡಿದರೆ ಪರದೆ ಖಾಲಿ.

ಅಪ್ಪ ಏನು ಬರೆದರೂ ಡೆಸ್ಕ್‌ಟಾಪಿನಲ್ಲೇ ಇಡುತ್ತಾರೆ. ಬೇರೆ ಫೋಲ್ಡರಿಗೆ ಹೋಗುವ ಅಭ್ಯಾಸವೇ ಇಲ್ಲ. 60ಕ್ಕಿಂತ ಜಾಸ್ತಿ ಫೈಲ್ ಇದ್ದವು. ಬರೆದು ಮುಗಿಸಿದ್ದು ಎಡಗಡೆ, ಅರ್ಧಕ್ಕೆ ನಿಂತದ್ದು ಬಲಗಡೆ, ತುರ್ತಿನದ್ದು ಬಲಗಡೆ ಮೇಲಿನ ಮೂಲೆಯಲ್ಲಿ. ಅವರಿಗೆ ಈಗ ಕಣ್ಣು ಸ್ವಲ್ಪ ಮಂದ. ಐಕಾನಿನ ಕೆಳಗಿರುವ ಹೆಸರು ಓದುವುದಿಲ್ಲ, ಜಾಗ ನೋಡಿಕೊಂಡೇ ತೆರೆಯುತ್ತಾರೆ. ಬೆಳಿಗ್ಗೆಯಿಂದ ಸರಿಯಾಗಿ ಮಾತೂ ಆಡುತ್ತಿಲ್ಲ. ದಯವಿಟ್ಟು ಯಾರಾದರೂ ಹೇಳಿ, ಫೈಲುಗಳು ಹೋದವಾ ಅಥವಾ ಬರೀ ಕಾಣುತ್ತಿಲ್ಲವಾ?

ಚುಕ್ಕಿಗೆರೆ | 11:50

ಗಾಬರಿ ಆಗಬೇಡಿ, ಹತ್ತರಲ್ಲಿ ಎಂಟು ಸಲ ಇದು ಒಂದು ಟಿಕ್ ಗುರುತಿನ ವಿಷಯ. ಡೆಸ್ಕ್‌ಟಾಪಿನ ಖಾಲಿ ಜಾಗದಲ್ಲಿ ಮೌಸಿನ ಬಲಗಡೆ ಬಟನ್ ಒತ್ತಿ. ವ್ಯೂ ಅಂತ ಬರುತ್ತದೆ. ಅದರೊಳಗೆ ಕೊನೆಯಲ್ಲಿ ‘ಶೋ ಡೆಸ್ಕ್‌ಟಾಪ್ ಐಕಾನ್ಸ್’ ಅಂತ ಇರುತ್ತದೆ. ಅದರ ಮುಂದೆ ಟಿಕ್ ಇಲ್ಲದಿದ್ದರೆ ಒಮ್ಮೆ ಒತ್ತಿ, ಎಲ್ಲ ವಾಪಸ್ ಬರುತ್ತವೆ. ಮಕ್ಕಳು ಮೌಸ್ ಹಿಡಿದಾಗ, ಕೈ ತಪ್ಪಿ ಒತ್ತಿದಾಗ ಇದು ತುಂಬಾ ಆಗುತ್ತದೆ.

ಎರಡುಪರದೆ | 11:58

ಚುಕ್ಕಿಗೆರೆ ಹೇಳಿದ್ದು ಮೊದಲು ನೋಡಿ. ಅದು ಅಲ್ಲದಿದ್ದರೆ ಇನ್ನೆರಡು ಇವೆ. ವಿಂಡೋಸ್ 10ರಲ್ಲಿ ಟ್ಯಾಬ್ಲೆಟ್ ಮೋಡ್ ಅಂತ ಒಂದಿದೆ, ಅದು ಆನ್ ಆಗಿದ್ದರೆ ಐಕಾನ್ ಕಾಣುವುದಿಲ್ಲ. ವಿಂಡೋಸ್ ಕೀ ಜೊತೆ ಎ ಒತ್ತಿದರೆ ಬಲಗಡೆ ಒಂದು ಪಟ್ಟಿ ತೆರೆಯುತ್ತದೆ, ಅಲ್ಲಿಂದ ಆಫ್ ಮಾಡಬಹುದು. ಎರಡನೆಯದು, ಮೊದಲು ಯಾವಾಗಲಾದರೂ ಟಿವಿಯನ್ನೋ ಇನ್ನೊಂದು ಮಾನಿಟರನ್ನೋ ಜೋಡಿಸಿದ್ದರಾ? ಇಲ್ಲದ ಪರದೆಯನ್ನು ಕಂಪ್ಯೂಟರ್ ಇದೆ ಅಂದುಕೊಂಡು ಐಕಾನುಗಳನ್ನು ಅಲ್ಲಿಗೆ ಹಾಕಿರುತ್ತದೆ. ವಿಂಡೋಸ್ ಕೀ ಜೊತೆ ಪಿ ಒತ್ತಿ ‘ಪಿಸಿ ಸ್ಕ್ರೀನ್ ಓನ್ಲಿ’ ಆರಿಸಿ ನೋಡಿ.

ಮುಂಜಾವು | ಮಧ್ಯಾಹ್ನ 12:10

ಇಬ್ಬರಿಗೂ ಥ್ಯಾಂಕ್ಸ್. ಟಿಕ್ ಗುರುತು ಇದ್ದೇ ಇದೆ. ತೆಗೆದು ಮತ್ತೆ ಹಾಕಿದೆ, ಏನೂ ಬದಲಾಗಲಿಲ್ಲ. ಟ್ಯಾಬ್ಲೆಟ್ ಮೋಡ್ ಆಫ್ ಇದೆ. ಇನ್ನೊಂದು ಪರದೆ ಯಾವತ್ತೂ ಜೋಡಿಸಿಲ್ಲ. ಒಂದು ವಿಷಯ ಹೇಳುವುದು ಬಿಟ್ಟಿದ್ದೆ, ಪೂರ್ತಿ ಖಾಲಿ ಅಲ್ಲ. ಎಡಗಡೆ ಮೇಲೆ ರೀಸೈಕಲ್ ಬಿನ್ ಇದೆ, ಕೆಳಗೆ ಎಡ್ಜ್ ಇದೆ. ಅಷ್ಟೇ.

ಸಂಜೆಪಾಳಿ | 12:16

ನನಗೂ ಹಿಂದೆ ಹೀಗೇ ಆಗಿತ್ತು. ಒಂದು ಕ್ಲೀನರ್ ಹಾಕಿ ಟೆಂಪ್ ಫೈಲ್ (ಪ್ರೋಗ್ರಾಂಗಳ ತಾತ್ಕಾಲಿಕ ಫೈಲ್), ರಿಜಿಸ್ಟ್ರಿ (ವಿಂಡೋಸ್ ತನ್ನ ಸೆಟ್ಟಿಂಗ್ ಬರೆದಿಡುವ ಜಾಗ) ಎಲ್ಲ ಒಂದ್ಸಲ ಕ್ಲೀನ್ ಮಾಡಿ ರೀಸ್ಟಾರ್ಟ್ ಮಾಡಿ. ಆಗಲೂ ಬರಲಿಲ್ಲ ಅಂದ್ರೆ ವಿಂಡೋಸ್ ಹೊಸದಾಗಿ ಹಾಕಿಬಿಡಿ. ಒಂದು ಗಂಟೆ ಕೆಲಸ.

ಹಳೇಮೌಸ್ | 12:21

ಮುಂಜಾವು ಅವರೇ, ದಯವಿಟ್ಟು ಈಗ ಕ್ಲೀನರ್ ಹಾಕಬೇಡಿ, ರೀಸ್ಟಾರ್ಟ್ ಮಾಡಬೇಡಿ, ಸೈನ್ ಔಟ್ ಕೂಡ ಮಾಡಬೇಡಿ. ಕಂಪ್ಯೂಟರ್ ಈಗ ಹೇಗಿದೆಯೋ ಹಾಗೇ ಇರಲಿ. ಯಾಕೆ ಅಂತ ಹೇಳುತ್ತೇನೆ.

ಆ ಟಿಕ್ ಗುರುತು ಹೋಗಿದ್ದರೆ ರೀಸೈಕಲ್ ಬಿನ್ ಕೂಡ ಕಾಣುತ್ತಿರಲಿಲ್ಲ. ಅದು ಎಲ್ಲವನ್ನೂ ಒಟ್ಟಿಗೆ ಮರೆಮಾಡುತ್ತದೆ, ಆರಿಸಿ ಆರಿಸಿ ಮಾಡುವುದಿಲ್ಲ. ನಿಮ್ಮಲ್ಲಿ ಎರಡು ಉಳಿದಿವೆ ಅಂದರೆ ಡೆಸ್ಕ್‌ಟಾಪ್ ತನ್ನ ಕೆಲಸ ಸರಿಯಾಗೇ ಮಾಡುತ್ತಿದೆ, ಆದರೆ ಅದು ನೋಡುತ್ತಿರುವ ಫೋಲ್ಡರಿನಲ್ಲಿ ಫೈಲುಗಳಿಲ್ಲ. ಡೆಸ್ಕ್‌ಟಾಪ್ ಅಂದರೆ ಕೊನೆಗೆ ಒಂದು ಫೋಲ್ಡರ್ ಅಲ್ವಾ. ಸರಿಯಾಗಿ ಹೇಳಬೇಕೆಂದರೆ ಎರಡು ಫೋಲ್ಡರ್. ಸಿ ಡ್ರೈವಿನ ಯೂಸರ್ಸ್ ಒಳಗೆ ನಿಮ್ಮ ಹೆಸರಿನ ಫೋಲ್ಡರಿನಲ್ಲಿ ಒಂದು ಡೆಸ್ಕ್‌ಟಾಪ್, ಪಬ್ಲಿಕ್ ಅನ್ನುವ ಫೋಲ್ಡರಿನಲ್ಲಿ ಇನ್ನೊಂದು. ಎರಡನ್ನೂ ಸೇರಿಸಿ ವಿಂಡೋಸ್ ಪರದೆ ಮೇಲೆ ಹರಡುತ್ತದೆ. ನೀವು ಕಳೆದುಕೊಂಡದ್ದು ಐಕಾನಾ ಫೈಲಾ ಅನ್ನುವುದು ಆ ಫೋಲ್ಡರ್ ತೆರೆದು ನೋಡಿದರೆ ಗೊತ್ತಾಗುತ್ತದೆ. ಪರದೆ ನೋಡಿ ಗೊತ್ತಾಗುವುದಿಲ್ಲ.

ಮೂರು ಪ್ರಶ್ನೆ. ಒಂದು, ವಾಲ್‌ಪೇಪರ್ ಅಪ್ಪ ಹಾಕಿಕೊಂಡದ್ದೇ ಇದೆಯಾ ಅಥವಾ ಬೇರೆ ಬಂದಿದೆಯಾ? ಎರಡು, ಬೆಳಿಗ್ಗೆ ಆನ್ ಮಾಡಿದ ಕೂಡಲೇ ಪರದೆ ಮೇಲೆ ಏನಾದರೂ ಸಂದೇಶ ಬಂತಾ? ಮೂರು, ಸಿ ಡ್ರೈವ್ ತೆರೆದು ಯೂಸರ್ಸ್ ಒಳಗೆ ಯಾವ ಯಾವ ಫೋಲ್ಡರ್ ಇವೆ ಅಂತ ನೋಡಿ ಹೇಳಿ. ಏನನ್ನೂ ಅಳಿಸಬೇಡಿ, ಸುಮ್ನೆ ನೋಡಿ ಸಾಕು.

ಮುಂಜಾವು | 12:38

ಅಯ್ಯೋ, ಹೌದು. ಅಪ್ಪ ನನ್ನ ತಂಗಿ ಚಿಕ್ಕವಳಿದ್ದಾಗಿನ ಫೋಟೋ ಹಾಕಿಕೊಂಡಿದ್ದರು. ಅದಿಲ್ಲ. ಹೊಸ ಕಂಪ್ಯೂಟರಿನಲ್ಲಿ ಬರುತ್ತದಲ್ಲ, ನೀಲಿ ಬೆಳಕಿನ ಕಿಟಕಿ ಚಿತ್ರ, ಅದು ಬಂದಿದೆ. ನಾನು ಗಮನಿಸಿಯೇ ಇರಲಿಲ್ಲ.

ಅಪ್ಪನನ್ನು ಕೇಳಿದೆ. ಬೆಳಿಗ್ಗೆ ಒಂದು ಇಂಗ್ಲಿಷ್ ಸಂದೇಶ ಬಂತಂತೆ, ಅಕೌಂಟಿಗೆ ಸೈನ್ ಇನ್ ಆಗಲಿಲ್ಲ ಅಂತ ಏನೋ ಇತ್ತಂತೆ. ಅವರು ಅದನ್ನು ಮುಚ್ಚಿಬಿಟ್ಟಿದ್ದಾರೆ. ಆಮೇಲೆ ಐಕಾನ್ ಇಲ್ಲ ಅಂತ ಗೊತ್ತಾದರೂ, ಇವತ್ತೇ ಕಳಿಸಬೇಕಿದ್ದ ಒಂದು ಬರಹ ಇತ್ತು ಅಂತ ಸ್ಟಾರ್ಟ್‌ನಿಂದ ಲಿಬ್ರೆಆಫೀಸ್ ತೆರೆದು ಮೊದಲಿನಿಂದ ಬರೆಯಲು ಕೂತರಂತೆ. 4 ಪುಟ ಆಗಿದೆ. ಈಗಲೂ ತೆರೆದೇ ಇದೆ.

ಯೂಸರ್ಸ್ ಒಳಗೆ ಅಪ್ಪನ ಹೆಸರಿನ ಫೋಲ್ಡರ್ ಇದೆ, ಪಬ್ಲಿಕ್ ಇದೆ, ಇನ್ನೊಂದು ‘ಟೆಂಪ್’ ಅಂತ ಇದೆ. ದೊಡ್ಡ ಅಕ್ಷರದಲ್ಲಿ.

ಹಳೇಮೌಸ್ | 12:41

ಇದೇ. ನೀವೀಗ ಇರುವುದು ಆ ಟೆಂಪ್ ಫೋಲ್ಡರಿನಲ್ಲಿ. ಇದಕ್ಕೆ ಟೆಂಪರರಿ ಪ್ರೊಫೈಲ್ ಅನ್ನುತ್ತಾರೆ. ಅಪ್ಪನ ಪ್ರೊಫೈಲನ್ನು, ಅಂದರೆ ಅವರ ಹೆಸರಿನ ಫೋಲ್ಡರ್ ಮತ್ತು ಸೆಟ್ಟಿಂಗುಗಳನ್ನು, ತೆರೆಯಲು ವಿಂಡೋಸಿಗೆ ಆಗಲಿಲ್ಲ, ಹಾಗಾಗಿ ಆ ಹೊತ್ತಿಗೆ ಒಂದು ತಾತ್ಕಾಲಿಕ ಮನೆ ಕಟ್ಟಿ ಒಳಗೆ ಬಿಟ್ಟುಕೊಂಡಿದೆ. ಸೈನ್ ಔಟ್ ಮಾಡಿದರೆ ಅಥವಾ ರೀಸ್ಟಾರ್ಟ್ ಮಾಡಿದರೆ ಆ ಮನೆ ಅಳಿಸಿಹೋಗುತ್ತದೆ. ಒಳಗಿದ್ದದ್ದೂ ಹೋಗುತ್ತದೆ.

ಹಳೆಯ 60 ಫೈಲಿಗಿಂತ ಈಗ ಅಪಾಯದಲ್ಲಿರುವುದು ಬೆಳಿಗ್ಗೆ ಬರೆದ ಆ 4 ಪುಟ. ಮೊದಲು ಅದನ್ನು ಉಳಿಸಿ. ಪೆನ್‌ಡ್ರೈವ್ ಹಾಕಿ. ಲಿಬ್ರೆಆಫೀಸಿನಲ್ಲಿ ಫೈಲ್, ಸೇವ್ ಆ್ಯಸ್ ಒತ್ತಿ. ಆ ಕಿಟಕಿಯ ಮೇಲಿನ ಪಟ್ಟಿ ನೋಡಿ, ಅಲ್ಲಿ ಟೆಂಪ್ ಅಂತ ಕಾಣಬಹುದು. ಅಲ್ಲಿ ಇಡಬೇಡಿ. ಎಡಗಡೆಯಿಂದ ಪೆನ್‌ಡ್ರೈವ್ ಆರಿಸಿ ಅದರಲ್ಲಿ ಇಡಿ. ಆಮೇಲೆ ಪೆನ್‌ಡ್ರೈವಿನಿಂದಲೇ ಆ ಫೈಲನ್ನು ತೆರೆದು ಕೊನೆಯ ಸಾಲಿನವರೆಗೂ ಇದೆಯಾ ನೋಡಿ. ಬೆಳಿಗ್ಗೆಯಿಂದ ಬೇರೆ ಏನಾದರೂ ಡೌನ್‌ಲೋಡ್ ಮಾಡಿದ್ದರೆ ಅದನ್ನೂ ಹಾಗೇ ತೆಗೆದಿಡಿ.

ಅದಾದ ಮೇಲೆ ಯೂಸರ್ಸ್ ಒಳಗಿನ ಅಪ್ಪನ ಹೆಸರಿನ ಫೋಲ್ಡರ್ ತೆರೆದು, ಅದರಲ್ಲಿ ಡೆಸ್ಕ್‌ಟಾಪ್ ತೆರೆಯಿರಿ. ಅನುಮತಿ ಕೇಳಿದರೆ ಕಂಟಿನ್ಯೂ ಒತ್ತಿ. ಏನು ಕಾಣುತ್ತದೆ ಹೇಳಿ.

ಮುಂಜಾವು | 12:59

ಎಲ್ಲ ಇವೆ!! 63 ಫೈಲ್. ನಾನು ಎಣಿಸಿಲ್ಲ, ಕೆಳಗೆ ಅದೇ ತೋರಿಸುತ್ತಿದೆ. ಅಪ್ಪನನ್ನು ಕರೆದು ತೋರಿಸಿದೆ. ಒಂದೊಂದೇ ಹೆಸರು ನನ್ನ ಕೈಲಿ ಓದಿಸಿದರು. ಅವರ ಮುಖ ಈಗ ಸ್ವಲ್ಪ ತಿಳಿಯಾಗಿದೆ.

ನೀವು ಹೇಳಿದ ಹಾಗೆ 4 ಪುಟ ಪೆನ್‌ಡ್ರೈವಿಗೆ ಹೋಯಿತು. ಸೇವ್ ಆ್ಯಸ್ ಕಿಟಕಿಯಲ್ಲಿ ಸಿ, ಯೂಸರ್ಸ್, ಟೆಂಪ್, ಡಾಕ್ಯುಮೆಂಟ್ಸ್ ಅಂತಲೇ ಇತ್ತು. ಊಟಕ್ಕೆ ಏಳುವ ಮುಂಚೆ ಅಪ್ಪ ಕಂಪ್ಯೂಟರ್ ಆಫ್ ಮಾಡುವವರಿದ್ದರು. ನೀವು ಆ ಹೊತ್ತಿಗೆ ಹೇಳದಿದ್ದರೆ ಬೆಳಿಗ್ಗೆಯ ಅಷ್ಟೂ ಕೆಲಸ ಹೋಗುತ್ತಿತ್ತು.

ಈಗ ಆ 63 ಫೈಲನ್ನು ಎಳೆದು ಈ ಡೆಸ್ಕ್‌ಟಾಪಿಗೆ ಹಾಕಿಬಿಡಲಾ?

ಹಳೇಮೌಸ್ | 1:02

ಬೇಡ ಬೇಡ. ಎಳೆದು ಹಾಕಿದರೆ ಫೈಲುಗಳು ಟೆಂಪ್ ಒಳಗೆ ಬರುತ್ತವೆ, ಆಮೇಲೆ ಅದರ ಜೊತೆಗೇ ಹೋಗುತ್ತವೆ. ಹೊರಗಿನ ಹಾರ್ಡ್ ಡಿಸ್ಕೋ ದೊಡ್ಡ ಪೆನ್‌ಡ್ರೈವೋ ಇದ್ದರೆ ಅಪ್ಪನ ಹೆಸರಿನ ಇಡೀ ಫೋಲ್ಡರನ್ನು ಅದಕ್ಕೆ ಕಾಪಿ ಮಾಡಿ. ಕಟ್ ಅಲ್ಲ, ಕಾಪಿ. ಡೆಸ್ಕ್‌ಟಾಪ್, ಡಾಕ್ಯುಮೆಂಟ್ಸ್, ಪಿಕ್ಚರ್ಸ್, ಡೌನ್‌ಲೋಡ್ಸ್ ನಾಲ್ಕಂತೂ ಬೇಕೇ ಬೇಕು. ಅದು ಮುಗಿಯುವವರೆಗೆ ಬೇರೆ ಯಾವ ರಿಪೇರಿಯೂ ಬೇಡ.

ಕೀಲಿಮಣೆ | 1:15

ಹಳೇಮೌಸ್ ಹೇಳಿದ್ದಕ್ಕೆ ಸ್ವಲ್ಪ ಸೇರಿಸುತ್ತೇನೆ, ಯಾಕೆ ಹೀಗಾಗುತ್ತದೆ ಅನ್ನುವುದು ಗೊತ್ತಿದ್ದರೆ ಒಳ್ಳೆಯದು. ಪ್ರತಿಯೊಬ್ಬರ ಪ್ರೊಫೈಲ್ ಫೋಲ್ಡರಿನಲ್ಲೂ ‘ಎನ್‌ಟಿ ಯೂಸರ್ ಡಾಟ್ ಡ್ಯಾಟ್’ ಅಂತ ಒಂದು ಫೈಲ್ ಅಡಗಿರುತ್ತದೆ. ಮಾಮೂಲಿಯಾಗಿ ಕಾಣುವುದಿಲ್ಲ. ನಿಮ್ಮ ವಾಲ್‌ಪೇಪರ್ ಯಾವುದು, ಐಕಾನ್ ಎಲ್ಲೆಲ್ಲಿ, ಯಾವ ಪ್ರೋಗ್ರಾಂ ಹೇಗೆ ತೆರೆಯಬೇಕು, ಇದೆಲ್ಲ ಅದರಲ್ಲಿರುತ್ತದೆ. ಸೈನ್ ಇನ್ ಆಗುವಾಗ ವಿಂಡೋಸ್ ಅದನ್ನು ಓದಲೇಬೇಕು. ಬರೆಯುತ್ತಿರುವಾಗಲೇ ಕರೆಂಟ್ ಹೋಗಿ ಅದು ಕೆಟ್ಟಿದ್ದರೆ, ಡಿಸ್ಕಿನಿಂದ ಓದಲು ಆಗದಿದ್ದರೆ, ಅಥವಾ ಆಂಟಿವೈರಸ್ ಅದನ್ನು ಆ ಹೊತ್ತಿಗೆ ಹಿಡಿದುಕೊಂಡಿದ್ದರೆ ಟೆಂಪರರಿ ಪ್ರೊಫೈಲ್ ಬರುತ್ತದೆ. ಕೊನೆಯದ್ದಾದರೆ ಒಂದೆರಡು ಸಲ ರೀಸ್ಟಾರ್ಟ್ ಮಾಡಿದರೆ ತಾನೇ ಸರಿಹೋಗುತ್ತದೆ. ಕಾಪಿ ಆದ ಮೇಲೆ ಮೊದಲು ಅದನ್ನೇ ಮಾಡಿ.

ಸರಿಹೋಗದಿದ್ದರೆ ನನ್ನ ಸಲಹೆ, ಹೊಸ ಯೂಸರ್ ಅಕೌಂಟ್ ಮಾಡಿ, ಹಳೆಯ ಫೋಲ್ಡರಿನ ಫೈಲುಗಳನ್ನು ಅದಕ್ಕೆ ಕಾಪಿ ಮಾಡಿ. ಎನ್‌ಟಿ ಯೂಸರ್ ಹೆಸರಿನಿಂದ ಶುರುವಾಗುವ ಫೈಲುಗಳನ್ನು ಮಾತ್ರ ಬಿಡಿ, ಕೆಟ್ಟಿರುವುದು ಅವೇ ಇರಬಹುದು. ರಿಜಿಸ್ಟ್ರಿ ಮುಟ್ಟುವುದಕ್ಕಿಂತ ಇದು ಸುರಕ್ಷಿತ.

ಸಂಜೆಪಾಳಿ | 1:20

ನಾನು ಮೇಲೆ ಹೇಳಿದ್ದು ತಪ್ಪು ಸಲಹೆ. ಮುಂಜಾವು ಅವರು ಅದನ್ನು ಮಾಡದೇ ಇದ್ದದ್ದು ಒಳ್ಳೆಯದಾಯಿತು, ಕ್ಷಮಿಸಿ. ಒಂದು ಕೇಳಬೇಕು. ಟೆಂಪರರಿ ಪ್ರೊಫೈಲ್ ಅಲ್ಲದೆ ಬೇರೆ ಕಾರಣ ಆಗಿದ್ದರೂ ಟೆಂಪ್ ಫೈಲ್ ಅಳಿಸಬಾರದಾ? ಅಲ್ಲಿ ಕಸ ತಾನೇ ಇರುವುದು?

ಕೀಲಿಮಣೆ | 1:44

ಒಳ್ಳೆಯ ಪ್ರಶ್ನೆ. ಐಕಾನ್ ಕಾಣೆಯಾಗಿರುವಾಗ ಅಳಿಸಬಾರದು. 2011ರ ಸುಮಾರಿಗೆ ಒಂದು ಜಾತಿಯ ಮಾಲ್‌ವೇರ್ ಬಹಳ ಹರಡಿತ್ತು. ಹಾರ್ಡ್ ಡಿಸ್ಕ್ ಕೆಟ್ಟಿದೆ ಅಂತ ಸುಳ್ಳು ಎಚ್ಚರಿಕೆ ತೋರಿಸಿ, ರಿಪೇರಿಗೆ ದುಡ್ಡು ಕೇಳುತ್ತಿತ್ತು. ನಂಬಿಸಲು ಅದು ಮಾಡುತ್ತಿದ್ದ ಕೆಲಸ ಇದೇ, ಡೆಸ್ಕ್‌ಟಾಪ್ ಖಾಲಿ ಮಾಡುವುದು. ಫೈಲುಗಳಿಗೆಲ್ಲ ಹಿಡನ್ ಅನ್ನುವ ಗುರುತು ಹಾಕುತ್ತಿತ್ತು. ಸ್ಟಾರ್ಟ್ ಮೆನುವಿನ ಶಾರ್ಟ್‌ಕಟ್‌ಗಳನ್ನು ತಾತ್ಕಾಲಿಕ ಫೈಲುಗಳ ಟೆಂಪ್ ಫೋಲ್ಡರಿನೊಳಗೆ ‘ಎಸ್ಎಂ ಟಿಎಂಪಿ’ ಅನ್ನುವ ಫೋಲ್ಡರಿಗೆ ಸಾಗಿಸುತ್ತಿತ್ತು. ಜನ ಗಾಬರಿಯಿಂದ ಕ್ಲೀನರ್ ಓಡಿಸಿದರೆ ಆ ಶಾರ್ಟ್‌ಕಟ್ ಅಲ್ಲೇ ಮುಗಿಯುತ್ತಿದ್ದವು. ವೈರಸ್ ಮಾಡದ ಹಾನಿಯನ್ನು ಕ್ಲೀನರ್ ಮಾಡಿದ ಹಾಗಾಯಿತು. ಹಿಡನ್ ಆಗಿದೆಯಾ ಅನ್ನುವ ಅನುಮಾನ ಬಂದರೆ ಫೈಲ್ ಎಕ್ಸ್‌ಪ್ಲೋರರಿನಲ್ಲಿ ವ್ಯೂ ಒತ್ತಿ ‘ಹಿಡನ್ ಐಟಂಸ್’ಗೆ ಟಿಕ್ ಹಾಕಿ ನೋಡಿ. ಮಸುಕಾಗಿ ಕಾಣಿಸಿಕೊಂಡರೆ ಫೈಲುಗಳು ಇವೆ ಅಂತಲೇ ಅರ್ಥ.

ಇನ್ನು ಅಪ್‌ಡೇಟುಗಳಿಂದಲೂ ಆಗಿದೆ. ಮೂರು ಘಟನೆ ಹೇಳುತ್ತೇನೆ, ಮೂರೂ ಬೇರೆ ಬೇರೆ ರೀತಿ. 2018ರ ಅಕ್ಟೋಬರಿನಲ್ಲಿ ಬಂದ ವಿಂಡೋಸ್ 10ರ 1809 ಆವೃತ್ತಿ ಕೆಲವರ ಫೈಲುಗಳನ್ನು ನಿಜವಾಗಿಯೂ ಅಳಿಸಿತು. ಡೆಸ್ಕ್‌ಟಾಪ್, ಡಾಕ್ಯುಮೆಂಟ್ಸ್ ಫೋಲ್ಡರಿನ ಜಾಗವನ್ನು ಬೇರೆ ಕಡೆಗೆ ಬದಲಾಯಿಸಿಕೊಂಡಿದ್ದವರಿಗೆ ಅದು ತಗುಲಿತು. ಹಳೇ ಜಾಗದಲ್ಲಿ ಉಳಿದಿದ್ದದ್ದು ಹೋಯಿತು. ಕೆಲವೇ ದಿನದಲ್ಲಿ ಮೈಕ್ರೋಸಾಫ್ಟ್ ಅದನ್ನು ನಿಲ್ಲಿಸಿ, ನವೆಂಬರ್ 13ಕ್ಕೆ ಸರಿಮಾಡಿ ಮತ್ತೆ ಬಿಟ್ಟಿತು. 2020ರ ಫೆಬ್ರವರಿ 11ರ ಅಪ್‌ಡೇಟಿನಲ್ಲಿ ಕೆಲವರಿಗೆ ಆದದ್ದು ಮುಂಜಾವು ಅವರಿಗೆ ಆಗಿರುವಂಥದ್ದೇ. ಟೆಂಪರರಿ ಪ್ರೊಫೈಲಿಗೆ ಹೋಗಿಬಿಡುತ್ತಿತ್ತು, ಅಸಲಿ ಫೋಲ್ಡರಿನ ಹೆಸರಿನ ಕೊನೆಗೆ ಡಾಟ್ ಬ್ಯಾಕ್ ಅಥವಾ ಡಾಟ್ 000 ಸೇರಿರುತ್ತಿತ್ತು. ಫೈಲ್ ಹೋಗಿರಲಿಲ್ಲ. 2023ರ ಜನವರಿ 13ಕ್ಕೆ ವಿಂಡೋಸಿನ ಆಂಟಿವೈರಸ್ ಆದ ಡಿಫೆಂಡರಿನ ಒಂದು ಅಪ್‌ಡೇಟ್ ಶಾರ್ಟ್‌ಕಟ್‌ಗಳನ್ನೇ ಅಪಾಯ ಅಂತ ತಿಳಿದು ಅಳಿಸಿಹಾಕಿತು. ಅದು ಜಾಸ್ತಿ ಆಫೀಸುಗಳ ಕಂಪ್ಯೂಟರಿಗೆ ಆಯಿತು. ಶಾರ್ಟ್‌ಕಟ್ ಹೋಯಿತು, ಪ್ರೋಗ್ರಾಂ ಇತ್ತು. ಕಣ್ಣಿಗೆ ಮೂರೂ ಒಂದೇ ಥರ ಕಾಣುತ್ತವೆ, ಖಾಲಿ ಡೆಸ್ಕ್‌ಟಾಪ್. ಒಳಗೆ ಆಗಿರುವುದು ಮಾತ್ರ ಬೇರೆ ಬೇರೆ. ಅದಕ್ಕೇ ನೋಡುವ ಮೊದಲು ಕೈ ಹಾಕಬೇಡಿ ಅಂತ ಹೇಳುವುದು.

ಎರಡುಪರದೆ | 1:57

ಒನ್‌ಡ್ರೈವ್ (ಮೈಕ್ರೋಸಾಫ್ಟಿನ ಆನ್‌ಲೈನ್ ಸಂಗ್ರಹ) ಇರುವವರು ಇನ್ನೊಂದು ಜಾಗ ನೋಡಬೇಕು. ಅದರಲ್ಲಿ ಬ್ಯಾಕಪ್ ಆನ್ ಮಾಡಿದರೆ ಡೆಸ್ಕ್‌ಟಾಪ್ ಫೋಲ್ಡರ್ ಒನ್‌ಡ್ರೈವ್ ಒಳಗಿನ ಡೆಸ್ಕ್‌ಟಾಪಿಗೆ ಬದಲಾಗುತ್ತದೆ. ಆಮೇಲೆ ಬ್ಯಾಕಪ್ ಆಫ್ ಮಾಡಿದರೆ ಡೆಸ್ಕ್‌ಟಾಪ್ ಹಳೇ ಜಾಗಕ್ಕೆ ವಾಪಸ್ ಬರುತ್ತದೆ, ಫೈಲುಗಳು ಒನ್‌ಡ್ರೈವ್ ಒಳಗೇ ಉಳಿದುಬಿಡಬಹುದು. ಆಗಲೂ ಪರದೆ ಖಾಲಿ. ಅಲ್ಲಿಗೆ ಹೋಗಿ ನೋಡಿದರೆ ಸಿಗುತ್ತವೆ. ಪುಕ್ಕಟೆ ಜಾಗ 5 ಜಿಬಿ ಮಾತ್ರ ಅನ್ನುವುದೂ ನೆನಪಿರಲಿ, ಫೋಟೋ ವಿಡಿಯೋ ಎಲ್ಲ ಡೆಸ್ಕ್‌ಟಾಪಿನಲ್ಲೇ ಇಡುವವರಿಗೆ ಅದು ಬೇಗ ತುಂಬುತ್ತದೆ.

ಬೀದಿದೀಪ | 2:05

ನನ್ನದು ಬೇರೆ, ಆದರೆ ಇಲ್ಲೇ ಕೇಳುತ್ತೇನೆ. ನನಗೆ ಐಕಾನೂ ಇಲ್ಲ, ಕೆಳಗಿನ ಟಾಸ್ಕ್‌ಬಾರೂ ಇಲ್ಲ. ಕಪ್ಪು ಪರದೆ, ಮೌಸಿನ ಬಾಣ ಮಾತ್ರ ಓಡಾಡುತ್ತದೆ.

ಚುಕ್ಕಿಗೆರೆ | 2:09

ಬೀದಿದೀಪ, ಡೆಸ್ಕ್‌ಟಾಪ್ ಮತ್ತು ಟಾಸ್ಕ್‌ಬಾರ್ ಎರಡನ್ನೂ ತೋರಿಸುವುದು ಎಕ್ಸ್‌ಪ್ಲೋರರ್ ಅನ್ನುವ ಒಂದೇ ಪ್ರೋಗ್ರಾಂ. ಎರಡೂ ಒಟ್ಟಿಗೆ ಹೋಗಿವೆ ಅಂದರೆ ಅದು ನಿಂತಿದೆ. ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರನ್ನೂ ಒಟ್ಟಿಗೆ ಒತ್ತಿ. ಟಾಸ್ಕ್ ಮ್ಯಾನೇಜರ್ ಬರುತ್ತದೆ. ಫೈಲ್, ‘ರನ್ ನ್ಯೂ ಟಾಸ್ಕ್’ ಒತ್ತಿ, ಎಕ್ಸ್‌ಪ್ಲೋರರ್ ಅಂತ ಇಂಗ್ಲಿಷಿನಲ್ಲಿ ಟೈಪ್ ಮಾಡಿ ಎಂಟರ್ ಕೊಡಿ. ವಿಂಡೋಸ್ 11ರಲ್ಲಾದರೆ ‘ರನ್ ನ್ಯೂ ಟಾಸ್ಕ್’ ಮೇಲ್ಗಡೆಯೇ ಕಾಣುತ್ತದೆ.

ಬೀದಿದೀಪ | 2:13

ಬಂತು! ತುಂಬಾ ಥ್ಯಾಂಕ್ಸ್.

ಮುಂಜಾವು | ಸಂಜೆ 4:30

ಕಾಪಿ ಮುಗಿಯಿತು. ತುಂಬಾ ಹೊತ್ತು ಹಿಡಿಯಿತು, ಮಧ್ಯೆ ಎರಡು ಸಲ ಪೂರ್ತಿ ನಿಂತು ಮತ್ತೆ ಓಡಿತು. ಆಮೇಲೆ ಎರಡು ಸಲ ರೀಸ್ಟಾರ್ಟ್ ಮಾಡಿದೆ. ಎರಡೂ ಸಲ ಅದೇ ಸಂದೇಶ, ಅದೇ ನೀಲಿ ಕಿಟಕಿ. ಕೀಲಿಮಣೆ ಅವರು ಹೇಳಿದ ಹಾಗೆ ಹೊಸ ಅಕೌಂಟ್ ಮಾಡಲಾ? ಮಾಡಿದರೆ ಐಕಾನ್ ಎಲ್ಲ ಅಪ್ಪ ಇಟ್ಟ ಜಾಗದಲ್ಲೇ ಬರುತ್ತವಾ? ಅಪ್ಪ ಕೇಳುತ್ತಿರುವುದು ಅದೊಂದೇ.

ಹಳೇಮೌಸ್ | 4:48

ಹೊಸ ಅಕೌಂಟಿನಲ್ಲಿ ಫೈಲ್ ಬರುತ್ತವೆ, ಜಾಗ ಬರುವುದಿಲ್ಲ. ಜಾಗದ ಲೆಕ್ಕ ಇರುವುದು ಎನ್‌ಟಿ ಯೂಸರ್ ಫೈಲಿನಲ್ಲಿ. ಕಾಪಿ ಮಾಡುವಾಗ ಬಿಡಬೇಕಾದದ್ದೇ ಅದು. ಬೇರೆ ಯಾರಾದರೂ ಆಗಿದ್ದರೆ ನಾನೂ ಹೊಸ ಅಕೌಂಟೇ ಹೇಳುತ್ತಿದ್ದೆ. ಹೆಸರು ಓದಲು ಕಷ್ಟಪಡುವವರಿಗೆ 63 ಐಕಾನ್ ಅಕ್ಷರಮಾಲೆ ಪ್ರಕಾರ ಎಡಗಡೆ ಸಾಲಾಗಿ ನಿಂತರೆ ಫೈಲ್ ಸಿಕ್ಕೂ ಸಿಗದ ಹಾಗೆ. ಹಾಗಾಗಿ ಹಳೇ ಪ್ರೊಫೈಲನ್ನೇ ಎಬ್ಬಿಸಲು ಒಮ್ಮೆ ನೋಡೋಣ. ಕಾಪಿ ನಿಮ್ಮ ಕೈಯಲ್ಲಿದೆ, ಧೈರ್ಯವಾಗಿ ಮಾಡಬಹುದು.

ಸ್ಟಾರ್ಟ್‌ನಲ್ಲಿ ರಿಜಿಸ್ಟ್ರಿ ಎಡಿಟರ್ ಹುಡುಕಿ ತೆರೆಯಿರಿ. ಎಡಗಡೆ ಎಚ್‌ಕೀ ಲೋಕಲ್ ಮಷೀನ್, ಅದರಲ್ಲಿ ಸಾಫ್ಟ್‌ವೇರ್, ಮೈಕ್ರೋಸಾಫ್ಟ್, ವಿಂಡೋಸ್ ಎನ್‌ಟಿ, ಕರೆಂಟ್ ವರ್ಷನ್, ಕೊನೆಗೆ ಪ್ರೊಫೈಲ್ ಲಿಸ್ಟ್. ವಿಂಡೋಸ್ ಮತ್ತು ವಿಂಡೋಸ್ ಎನ್‌ಟಿ ಅಂತ ಎರಡು ಬೇರೆ ಬೇರೆ ಇವೆ, ಎನ್‌ಟಿ ಇರುವುದೇ ಬೇಕು. ಪ್ರೊಫೈಲ್ ಲಿಸ್ಟ್ ಮೇಲೆ ಬಲಗಡೆ ಬಟನ್ ಒತ್ತಿ ಎಕ್ಸ್‌ಪೋರ್ಟ್ ಮಾಡಿ ಪೆನ್‌ಡ್ರೈವಿಗೆ ಹಾಕಿಕೊಳ್ಳಿ. ಇದನ್ನು ಮಾಡದೆ ಮುಂದೆ ಹೋಗಬೇಡಿ.

ಅದರೊಳಗೆ ಎಸ್-1-5-21 ಅಂತ ಶುರುವಾಗುವ ಉದ್ದನೆಯ ಸಂಖ್ಯೆಗಳಿರುತ್ತವೆ. ಒಂದೇ ಸಂಖ್ಯೆ ಎರಡು ಸಲ ಇದ್ದು, ಒಂದರ ಕೊನೆಗೆ ಡಾಟ್ ಬ್ಯಾಕ್ ಇರಬೇಕು. ಒಂದೊಂದನ್ನೂ ಒತ್ತಿ ಬಲಗಡೆ ‘ಪ್ರೊಫೈಲ್ ಇಮೇಜ್ ಪಾತ್’ ಏನಿದೆ ನೋಡಿ. ಡಾಟ್ ಬ್ಯಾಕ್ ಇರುವುದರಲ್ಲಿ ಅಪ್ಪನ ಫೋಲ್ಡರ್, ಇನ್ನೊಂದರಲ್ಲಿ ಟೆಂಪ್ ಇದ್ದರೆ ನಾವು ಅಂದುಕೊಂಡದ್ದೇ ಆಗಿದೆ. ಹಾಗಿಲ್ಲದಿದ್ದರೆ ಅಲ್ಲೇ ನಿಲ್ಲಿಸಿ, ಇಲ್ಲಿ ಬರೆಯಿರಿ. ಹಾಗಿದ್ದರೆ, ಡಾಟ್ ಬ್ಯಾಕ್ ಇಲ್ಲದ್ದರ ಕೊನೆಗೆ ಡಾಟ್ ಓಲ್ಡ್ ಅಂತ ಸೇರಿಸಿ ಹೆಸರು ಬದಲಿಸಿ. ಆಮೇಲೆ ಇನ್ನೊಂದರ ಕೊನೆಯಿಂದ ಡಾಟ್ ಬ್ಯಾಕ್ ತೆಗೆಯಿರಿ. ಅದರಲ್ಲಿ ‘ಸ್ಟೇಟ್’, ‘ರೆಫ್ ಕೌಂಟ್’ ಅಂತ ಇದ್ದರೆ ಎರಡನ್ನೂ 0 ಮಾಡಿ. ಮುಚ್ಚಿ ರೀಸ್ಟಾರ್ಟ್ ಮಾಡಿ. ಎನ್‌ಟಿ ಯೂಸರ್ ಫೈಲೇ ಕೆಟ್ಟಿದ್ದರೆ ಇದು ಕೆಲಸ ಮಾಡುವುದಿಲ್ಲ, ಮತ್ತೆ ಟೆಂಪಿಗೇ ಹೋಗುತ್ತದೆ. ಆಗ ಹೊಸ ಅಕೌಂಟೇ ದಾರಿ.

ಕೀಲಿಮಣೆ | 4:55

ಅಪ್ಪ ಜಾಗ ನೋಡಿ ತೆರೆಯುತ್ತಾರೆ ಅನ್ನುವುದನ್ನು ನಾನು ಲೆಕ್ಕಕ್ಕೇ ತೆಗೆದುಕೊಂಡಿರಲಿಲ್ಲ. ಹಳೇಮೌಸ್ ಹೇಳಿದ್ದು ಮಾಡಿ ಮುಂಜಾವು. ಹೆಸರು ಬದಲಿಸುವಾಗ ಸಂಖ್ಯೆಯ ಮಧ್ಯದ ಒಂದು ಅಂಕಿಯೂ ಅಳಿಸಿಹೋಗದ ಹಾಗೆ ನೋಡಿಕೊಳ್ಳಿ, ಅಷ್ಟೇ.

ಮುಂಜಾವು | 5:40

ಬಂತು. ಬಂತು. ಬಂತು.

ನೀವು ಹೇಳಿದ ಹಾಗೇ ಇತ್ತು, ಎರಡು ಸಂಖ್ಯೆ, ಒಂದರ ಕೊನೆಗೆ ಡಾಟ್ ಬ್ಯಾಕ್. ಕೈ ನಡುಗುತ್ತಿತ್ತು, ಸಂಖ್ಯೆಯನ್ನು ಒಂದು ಹಾಳೆಯಲ್ಲಿ ಬರೆದಿಟ್ಟುಕೊಂಡು ಮಾಡಿದೆ. ರೀಸ್ಟಾರ್ಟ್ ಆಗಿ ಪಾಸ್‌ವರ್ಡ್ ಹಾಕಿದ ಮೇಲೆ ಸ್ವಲ್ಪ ಹೊತ್ತು ‘ವೆಲ್‌ಕಮ್’ ಅಂತ ಸುತ್ತುತ್ತಲೇ ಇತ್ತು. ಆಮೇಲೆ ತಂಗಿಯ ಫೋಟೋ ಬಂತು. ಅದರ ಮೇಲೆ ಐಕಾನುಗಳು ಒಂದೊಂದಾಗಿ. ಎಡಗಡೆಯದ್ದು ಎಡಗಡೆ, ಬಲಗಡೆಯದ್ದು ಬಲಗಡೆ. ಅಪ್ಪ ಏನೂ ಹೇಳದೆ ನನ್ನ ತಲೆ ಮೇಲೆ ಕೈ ಇಟ್ಟರು. ಆ ಕೈ ನಿಮ್ಮೆಲ್ಲರ ತಲೆ ಮೇಲೂ ಇಟ್ಟ ಹಾಗೇ ಅಂದುಕೊಳ್ಳಿ.

ಹಳೇಮೌಸ್ | 5:52

ತುಂಬಾ ಸಂತೋಷ ಆಯಿತು. ಆದರೆ ಇಲ್ಲಿಗೆ ಬಿಡಬೇಡಿ. ಮಧ್ಯಾಹ್ನ ಕಾಪಿ ಮಾಡುವಾಗ ಎರಡು ಸಲ ನಿಂತಿತು ಅಂದಿರಲ್ಲ, ಈಗ ವೆಲ್‌ಕಮ್ ಕೂಡ ಸುತ್ತಿತು ಅಂದಿರಿ. ನನಗೆ ಅದರ ಮೇಲೇ ಅನುಮಾನ. ಕರೆಂಟ್ ಹೋದದ್ದು ಒಂದು ನೆಪ ಇರಬಹುದು, ಡಿಸ್ಕೇ ಸೋಲುತ್ತಿರಬಹುದು. ವಿಂಡೋಸ್ ತೊಂದರೆಗಳನ್ನು ಬರೆದಿಡುವ ಇವೆಂಟ್ ವ್ಯೂವರ್ ತೆರೆದು, ವಿಂಡೋಸ್ ಲಾಗ್ಸ್, ಸಿಸ್ಟಂ ಒಳಗೆ ಹೋಗಿ. ಸೋರ್ಸ್ ಡಿಸ್ಕ್, ಇವೆಂಟ್ ಐಡಿ 7 ಅಂತ ಏನಾದರೂ ಇದೆಯಾ ನೋಡಿ. ಜೊತೆಗೆ ಡಿಸ್ಕಿನ ಆರೋಗ್ಯ ತೋರಿಸುವ ಕ್ರಿಸ್ಟಲ್ ಡಿಸ್ಕ್ ಇನ್ಫೋ ಅನ್ನುವ ಪುಕ್ಕಟೆ ಪ್ರೋಗ್ರಾಂ ಹಾಕಿ, ಏನು ಬಣ್ಣ ತೋರಿಸುತ್ತದೆ ಹೇಳಿ.

ಮುಂಜಾವು | 6:25

ಹಳದಿ. ಕಾಷನ್ ಅಂತ ಇದೆ. ಇವೆಂಟ್ ಐಡಿ 7 ಇದೆ, ಒಂದಲ್ಲ, ಸಾಲಾಗಿ ಇವೆ. ‘ಬ್ಯಾಡ್ ಬ್ಲಾಕ್’, ಅಂದರೆ ಡಿಸ್ಕಿನ ಕೆಟ್ಟ ಭಾಗ, ಅಂತ ಬರೆದಿದೆ. ಮೊದಲನೆಯದು ಮೂರು ವಾರದ ಹಿಂದಿನದು. ಅಂದರೆ ಮೂರು ವಾರದಿಂದ ಅದು ಹೇಳುತ್ತಲೇ ಇತ್ತು.

ಹಳೇಮೌಸ್ | 6:33

ಹಾಗಾದರೆ ಡಿಸ್ಕ್ ಬದಲಿಸಲೇಬೇಕು, ಮುಂದೂಡಬೇಡಿ. ಯಾರಾದರೂ ‘ಚೆಕ್ ಡಿಸ್ಕ್’ ಓಡಿಸಿ ಅಂದರೆ ಈಗ ಬೇಡ. ಸೋಲುತ್ತಿರುವ ಡಿಸ್ಕನ್ನು ಮೂಲೆ ಮೂಲೆ ಓದಿಸಿದರೆ ಅಲ್ಲೇ ನಿಂತುಹೋಗಬಹುದು. ಕಾಪಿ ಇದೆ, ಆದರೂ ಅಪ್ಪ ಇವತ್ತು ಬರೆಯುವುದನ್ನು ಪೆನ್‌ಡ್ರೈವಿಗೂ ಹಾಕಲಿ. ಹೊಸ ಎಸ್ಎಸ್‌ಡಿ (ಹಾರ್ಡ್ ಡಿಸ್ಕಿನ ಬದಲಿಗೆ ಹಾಕುವ ಡಿಸ್ಕ್) ತಂದು, ಹಳೇ ಡಿಸ್ಕನ್ನು ಅದಕ್ಕೆ ಕ್ಲೋನ್ ಮಾಡಿ, ಅಂದರೆ ಇದ್ದದ್ದು ಇದ್ದ ಹಾಗೇ ನಕಲು ಮಾಡಿ. ಕ್ಲೋನ್ ಆದರೆ ವಿಂಡೋಸ್, ಪ್ರೋಗ್ರಾಂ, ಐಕಾನಿನ ಜಾಗ ಎಲ್ಲ ಹಾಗೇ ಬರುತ್ತದೆ. ಕೆಟ್ಟ ಭಾಗ ಓದಲು ಆಗದೆ ಕ್ಲೋನ್ ಮಧ್ಯೆ ನಿಂತರೆ ಹೊಸದಾಗಿ ಹಾಕಬೇಕಾಗುತ್ತದೆ. ಹಾಗಾಗಿ ಇವತ್ತೇ ಒಂದು ಕೆಲಸ ಮಾಡಿ, ಈ ಡೆಸ್ಕ್‌ಟಾಪಿನ ಒಂದು ಫೋಟೋ ಮೊಬೈಲಿನಲ್ಲಿ ತೆಗೆದಿಟ್ಟುಕೊಳ್ಳಿ. ಕೊನೆಗೆ ಏನೂ ಆಗದಿದ್ದರೂ ಅದನ್ನು ನೋಡಿ ಕೈಯಲ್ಲೇ ಜೋಡಿಸಬಹುದು.

ಒದ್ದೆಛತ್ರಿ | ಸೋಮವಾರ, ಬೆಳಿಗ್ಗೆ 9:10

ಎಲ್ಲ ಓದಿದೆ. ನನ್ನದರಲ್ಲಿ ಐಕಾನ್ ಇವೆ, ಹೆಸರೂ ಇದೆ, ಚಿತ್ರ ಮಾತ್ರ ಬಿಳಿ ಹಾಳೆ ಥರ ಕಾಣುತ್ತಿದೆ. ಇದೂ ಪ್ರೊಫೈಲ್ ಸಮಸ್ಯೆಯಾ?

ಎರಡುಪರದೆ | 9:25

ಅಲ್ಲ, ಅದು ಐಕಾನ್ ಕ್ಯಾಶ್. ಚಿತ್ರಗಳನ್ನು ಬೇಗ ತೋರಿಸಲು ವಿಂಡೋಸ್ ಒಂದು ಕಡೆ ಕೂಡಿಟ್ಟುಕೊಳ್ಳುತ್ತದೆ, ಅದು ಕೆಟ್ಟರೆ ಬಿಳಿ ಬರುತ್ತದೆ. ಫೈಲಿಗೆ ಏನೂ ಆಗಿಲ್ಲ. ಟಾಸ್ಕ್ ಮ್ಯಾನೇಜರಿನಲ್ಲಿ ವಿಂಡೋಸ್ ಎಕ್ಸ್‌ಪ್ಲೋರರ್ ಆರಿಸಿ ರೀಸ್ಟಾರ್ಟ್ ಒತ್ತಿ. ಸಾಮಾನ್ಯವಾಗಿ ಅಷ್ಟಕ್ಕೇ ಸರಿಹೋಗುತ್ತದೆ. ಒಂದೆರಡು ಮಾತ್ರ ಬಿಳಿಯಾಗಿದ್ದರೆ ಆ ಶಾರ್ಟ್‌ಕಟ್ ತೋರಿಸುವ ಪ್ರೋಗ್ರಾಮೇ ಈಗ ಇಲ್ಲದಿರಬಹುದು, ಪ್ರಾಪರ್ಟೀಸ್ ತೆರೆದು ಟಾರ್ಗೆಟ್ ನೋಡಿ.

ಮುಂಜಾವು | ಮುಂದಿನ ಸೋಮವಾರ, ರಾತ್ರಿ 8:15

ಹೇಳಬೇಕಿತ್ತು, ಅದಕ್ಕೆ ಬಂದೆ. ಶನಿವಾರ ಎಸ್ಎಸ್‌ಡಿ ಬಂತು. ನಿನ್ನೆ ಕ್ಲೋನ್ ಮಾಡಿದೆ. ಒಂದು ಕಡೆ ಬಹಳ ಹೊತ್ತು ಅಲ್ಲಾಡದೆ ನಿಂತಿತು, ಮುಗಿಯಿತು ಅಂದುಕೊಂಡೆ, ಆಮೇಲೆ ಮುಂದೆ ಹೋಯಿತು. ಈಗ ಕ್ರಿಸ್ಟಲ್ ಡಿಸ್ಕ್ ಇನ್ಫೋದಲ್ಲಿ ನೀಲಿ. ಹಳೇ ಡಿಸ್ಕಿಗೆ ತಾರೀಕು ಬರೆದ ಚೀಟಿ ಅಂಟಿಸಿ ಬೀರುವಿನಲ್ಲಿ ಇಟ್ಟಿದ್ದೇನೆ. ಹೊರಗಿನ ಡಿಸ್ಕಿಗೆ ಪ್ರತಿ ದಿನ ಕಾಪಿ ಆಗುವ ಹಾಗೆ ಫೈಲ್ ಹಿಸ್ಟರಿ ಆನ್ ಮಾಡಿದೆ, ಅಪ್ಪ ಏನೂ ನೆನಪಿಟ್ಟುಕೊಳ್ಳಬೇಕಿಲ್ಲ.

ಡೆಸ್ಕ್‌ಟಾಪಿನ ಫೋಟೋ ಬೇಕಾಗಲಿಲ್ಲ. ಕಂಪ್ಯೂಟರ್ ಆನ್ ಆದ ಮೇಲೆ ಕುರ್ಚಿ ಅಪ್ಪನಿಗೆ ಬಿಟ್ಟುಕೊಟ್ಟು ಹಿಂದೆ ನಿಂತಿದ್ದೆ. ಕನ್ನಡಕ ಇನ್ನೂ ಕೈಯಲ್ಲೇ ಇತ್ತು, ಹಾಕಿಕೊಂಡಿರಲಿಲ್ಲ. ಮೌಸ್ ಹಿಡಿದು ನೇರ ಬಲಗಡೆ ಮೇಲಿನ ಮೂಲೆಗೆ ಹೋದರು, ಎರಡು ಸಲ ಒತ್ತಿದರು, ಅರ್ಧಕ್ಕೆ ನಿಂತಿದ್ದ ಬರಹ ತೆರೆದುಕೊಂಡಿತು.